ಮಳೆಗಾಲದ ಭರಣಿಯಿಂದ ವಿಮಾನದ ಪೆಟ್ಟಿಗೆಗೆ



ಇಂದು ನಿಮ್ಮೊಡನೆ ಮಾತನಾಡಲು ನಾನು ಆರಿಸಿಕೊಂಡಿರುವ ವಿಷಯ ನಿಮ್ಮ ಪಠ್ಯಪುಸ್ತಕದಲ್ಲಿ ಸಿಗುವಂಥದಲ್ಲ. ಆದರೆ ಮಂಗಳೂರಿನಲ್ಲಿ ಅದು ಮನೆಮನೆಯ ವಿಷಯ. ಪರದೇಶದಲ್ಲಿ ನೆಂಟರೋ ಗೆಳೆಯರೋ ಇಲ್ಲದ ಮನೆಯನ್ನು ಈ ಊರಿನಲ್ಲಿ ಹುಡುಕುವುದು ಕಷ್ಟ. ದುಬೈ, ಕುವೈತ್, ಬಹರೈನ್, ಮಸ್ಕತ್ ಎಂಬ ಹೆಸರುಗಳು ಇಲ್ಲಿನವರ ಬಾಯಲ್ಲಿ ಉಳ್ಳಾಲ, ಸುರತ್ಕಲ್ ಎಂಬಷ್ಟೇ ಸಲೀಸಾಗಿ ಬರುತ್ತವೆ. ಈಗ ಓದಿಗೆಂದು ಇಂಗ್ಲೆಂಡ್, ಅಮೆರಿಕ, ಆಸ್ಟ್ರೇಲಿಯಾಗಳಿಗೆ ಹೊರಡುವವರೂ ಅನೇಕರು. ನಾಳೆ ನಿಮ್ಮಲ್ಲಿಯೂ ಕೆಲವರು ಹೋಗುವವರೇ. ಹಾಗೆ ಹೊರಟವರ ಪೆಟ್ಟಿಗೆಯಲ್ಲಿ ಬಟ್ಟೆಬರೆ, ಪುಸ್ತಕಗಳ ಜೊತೆಗೆ ಮನೆಯವರು ತುಂಬಿಸಿ ಕೊಡುವ ತಿಂಡಿತಿನಿಸುಗಳ ಬಗ್ಗೆ ಸ್ವಲ್ಪ ಯೋಚಿಸೋಣ.

ಆ ಪೆಟ್ಟಿಗೆಯಲ್ಲಿ ಏನಿರುತ್ತದೆ? ಹಲಸಿನ ಹಪ್ಪಳ, ಅಪ್ಪೆಮಿಡಿ ಉಪ್ಪಿನಕಾಯಿ, ಮಾಂಬಳ, ಬಾಳೆಕಾಯಿ ಚಿಪ್ಸ್, ಕೋರಿರೊಟ್ಟಿಯ ಪೊಟ್ಟಣ, ಒಣ ಸೀಗಡಿ, ಹುರಿದು ಕುಟ್ಟಿದ ಮಸಾಲೆ ಪುಡಿ, ಪುನರ್ಪುಳಿಯ ಒಣಸಿಪ್ಪೆ, ಕೆಲವರ ಮನೆಯಲ್ಲಿ ನಾಲ್ಕಾರು ಸೇರು ಕುಚ್ಚಲಕ್ಕಿ. ಏನಿರುವುದಿಲ್ಲ? ನೀರುದೋಸೆ ಇರುವುದಿಲ್ಲ, ಬನ್ಸ್ ಇರುವುದಿಲ್ಲ, ಪತ್ರೊಡೆ ಇರುವುದಿಲ್ಲ, ಗಡ್‌ಬಡ್ ಐಸ್‌ಕ್ರೀಂ ಅಂತೂ ಇಲ್ಲವೇ ಇಲ್ಲ. ನಾವು ಹೆಚ್ಚು ಇಷ್ಟಪಡುವುದು ಈ ಎರಡನೆಯ ಪಟ್ಟಿಯನ್ನೇ ಇರಬಹುದು. ಆದರೆ ಹೊರಡುವುದು ಮಾತ್ರ ಮೊದಲನೆಯ ಪಟ್ಟಿ. ಈ ಆಯ್ಕೆಯನ್ನು ಮಾಡಿದವರು ಯಾರು?

ವಿಮಾನ ಕಂಪನಿಯವರು ಎಂದು ನೀವು ಹೇಳಬಹುದು. ಆದರೆ ಈ ಪಟ್ಟಿ ವಿಮಾನಕ್ಕಿಂತ ಎಷ್ಟೋ ಹಳೆಯದು. ಇದನ್ನು ಸಿದ್ಧಪಡಿಸಿದ್ದು ನಮ್ಮ ಮಳೆ.

ಕರಾವಳಿಯಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿಯೇ ಸುರಿದುಹೋಗುತ್ತದೆ. ಆ ದಿನಗಳಲ್ಲಿ ತರಕಾರಿ ಬೆಳೆಯುವುದು ಕಷ್ಟ, ಕಡಲಿಗೆ ಇಳಿಯುವುದು ಅಪಾಯ. ಈಗಲೂ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ಕಾಲ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿದೆ. ಅದು ಮೀನಿನ ಸಂತತಿ ಉಳಿಯಲೆಂದು ಮಾಡಿದ ನಿಯಮ. ಹಿಂದೆ ರಸ್ತೆ, ಸೇತುವೆಗಳೂ ಇಲ್ಲದ ಕಾಲದಲ್ಲಿ ಹೊಳೆ ತುಂಬಿದರೆ ಪಕ್ಕದ ಊರೂ ಪರದೇಶವೇ. ತುಳುವರ ಆಟಿ ತಿಂಗಳೆಂದರೆ ಕಷ್ಟದ ತಿಂಗಳೆಂದು ಹಿರಿಯರು ಹೇಳುತ್ತಿದ್ದುದು ಸುಮ್ಮನೆ ಅಲ್ಲ.

ಆದ್ದರಿಂದ ಮಾರ್ಚ್, ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಇಲ್ಲಿನ ಹೆಂಗಸರು ಮುಂದಿನ ಮಳೆಗಾಲವನ್ನು ಗೆಲ್ಲುವ ಸಿದ್ಧತೆ ಮಾಡಿದರು. ಬಲಿತ ಹಲಸಿನ ಸೊಳೆಯನ್ನು ಬೇಯಿಸಿ, ಕುಟ್ಟಿ, ಉಪ್ಪು ಮೆಣಸು ಸೇರಿಸಿ, ಉಂಡೆ ಮಾಡಿ, ಮಣೆಯಲ್ಲಿ ಒತ್ತಿ, ಚಾಪೆಯ ಮೇಲೆ ಒಣಗಿಸಿದರೆ ಹಪ್ಪಳ. ಅದೇ ಸೊಳೆಯನ್ನು ಉಪ್ಪು ಬೆರೆಸಿ ಭರಣಿಯಲ್ಲಿ ಅದುಮಿಟ್ಟರೆ ಉಪ್ಪುಸೊಳೆ. ಮಾವಿನ ರಸವನ್ನು ಪದರ ಪದರವಾಗಿ ಬಿಸಿಲಿಗೆ ಎರೆದರೆ ಮಾಂಬಳ. ಮಜ್ಜಿಗೆಯಲ್ಲಿ ನೆನೆಸಿ ಒಣಗಿಸಿದರೆ ಬಾಳ್ಕದ ಮೆಣಸು. ಕಡಲ ತೀರದಲ್ಲಿ ಒಣಗಿದರೆ ಒಣಮೀನು. ಇವೆಲ್ಲವೂ ನಾಲ್ಕು ತಿಂಗಳ ಜಡಿಮಳೆಯಲ್ಲಿ, ಗೋಡೆಯೂ ಬೆವರುವ ತೇವದಲ್ಲಿ, ಕೆಡದೆ ಉಳಿಯಬೇಕಿತ್ತು. ಆ ಪರೀಕ್ಷೆಯಲ್ಲಿ ಪಾಸಾದ ಪದಾರ್ಥಕ್ಕೆ ಒಂದು ದಿನದ ವಿಮಾನ ಪ್ರಯಾಣ ಯಾವ ಲೆಕ್ಕ? ಮಳೆಗಾಲಕ್ಕೆಂದು ಕಟ್ಟಿಟ್ಟದ್ದೇ ಮುಂದೆ ಪರದೇಶಕ್ಕೆ ಕಟ್ಟಿಕೊಡುವ ಬುತ್ತಿಯಾಯಿತು.

ಇದರ ಹಿಂದಿನ ವಿಜ್ಞಾನವನ್ನು ಸ್ವಲ್ಪ ನೋಡೋಣ. ಆಹಾರ ಕೆಡುವುದೆಂದರೆ ಮುಖ್ಯವಾಗಿ ಅದರಲ್ಲಿ ಸೂಕ್ಷ್ಮಜೀವಿಗಳು ಬೆಳೆಯುವುದು. ಅವು ಬೆಳೆಯಲು ನೀರು ಬೇಕು. ಆಹಾರದಲ್ಲಿರುವ ನೀರಿನಲ್ಲಿ ಎಷ್ಟು ಭಾಗ ಅವುಗಳ ಉಪಯೋಗಕ್ಕೆ ಸಿಗುತ್ತದೆ ಎಂಬುದನ್ನು ವಿಜ್ಞಾನಿಗಳು 0ಯಿಂದ 1ರವರೆಗಿನ ಒಂದು ಅಳತೆಯಲ್ಲಿ ಹೇಳುತ್ತಾರೆ. ಶುದ್ಧ ನೀರಿಗೆ ಇದು 1. ಹಸಿ ಮೀನಿಗೆ 1ಕ್ಕೆ ತೀರ ಸಮೀಪ. 0.9ಕ್ಕಿಂತ ಕೆಳಗಿಳಿದರೆ ಹೆಚ್ಚಿನ ಬ್ಯಾಕ್ಟೀರಿಯಾಗಳು ಬೆಳೆಯಲಾರವು. 0.6ಕ್ಕಿಂತ ಕೆಳಗಿಳಿದರೆ ಬೂಷ್ಟೂ ಹಿಡಿಯುವುದಿಲ್ಲ. ಒಣಗಿಸುವುದರಿಂದ ನೀರೇ ಹೊರಟುಹೋಗುತ್ತದೆ. ಉಪ್ಪು ಹಾಕಿದಾಗ ನೀರು ಅಲ್ಲಿಯೇ ಇದ್ದರೂ ಉಪ್ಪು ಅದನ್ನು ಕಟ್ಟಿಹಾಕುತ್ತದೆ. ಸೂಕ್ಷ್ಮಜೀವಿಗೆ ಅದು ದಕ್ಕುವುದಿಲ್ಲ. ಅಪ್ಪೆಮಿಡಿ ಭರಣಿಯಲ್ಲಿ ವರ್ಷಗಟ್ಟಲೆ ಉಳಿಯುವುದೂ, ಅದೇ ಭರಣಿಗೆ ಒಂದು ಒದ್ದೆ ಸೌಟು ಬಿದ್ದರೆ ಬೂಷ್ಟು ಬರುವುದೂ ಇದೇ ಕಾರಣದಿಂದ. "ಒದ್ದೆ ಕೈ ಹಾಕಬೇಡ" ಎಂದು ಅಜ್ಜಿ ಗದರಿಸುವಾಗ ಅವರು ಹೇಳುತ್ತಿರುವುದು ಈ ಪಾಠವನ್ನೇ.

ಕೋರಿರೊಟ್ಟಿಯನ್ನೇ ಗಮನಿಸಿ. ಕುಚ್ಚಲಕ್ಕಿಯ ಹಿಟ್ಟನ್ನು ಕಾದ ಕಾವಲಿಯ ಮೇಲೆ ಕಾಗದದಷ್ಟು ತೆಳ್ಳಗೆ ಹರಡಿ, ನೀರಿನ ಅಂಶ ಪೂರ್ತಿ ಹೋಗಿ ಗರಿಗರಿಯಾಗುವವರೆಗೆ ಕಾಯಿಸುತ್ತಾರೆ. ತಿಂಗಳುಗಟ್ಟಲೆ ಇಟ್ಟರೂ ಅದು ಕೆಡದು. ಎಲ್ಲಿಯೋ ಒಂದು ಮರಳುಗಾಡಿನ ಊರಿನಲ್ಲಿ ಬಿಸಿ ಗಸಿ ಬಿದ್ದೊಡನೆ ಅದು ಮತ್ತೆ ಮೆತ್ತಗಾಗಿ ಮಂಗಳೂರಿನ ಊಟವಾಗುತ್ತದೆ. ಬಾಳೆಕಾಯಿ ಚಿಪ್ಸಿನ ಕಥೆ ಬೇರೆ. ಅದರಲ್ಲಿ ನೀರಿಲ್ಲ, ಅದನ್ನು ಕೆಡಿಸುವುದು ಗಾಳಿಯಲ್ಲಿನ ಆಮ್ಲಜನಕ. ಎಣ್ಣೆ ಗಾಳಿಯೊಡನೆ ಕೂಡಿದರೆ ಕಮಟು ವಾಸನೆ ಬರುತ್ತದೆ. ತೆಂಗಿನೆಣ್ಣೆಯಲ್ಲಿ ಸುಮಾರು ನೂರಕ್ಕೆ 90 ಭಾಗ ಪರ್ಯಾಪ್ತ ಕೊಬ್ಬು ಇರುವುದರಿಂದ ಅದು ಬೇಗ ಕಮಟುವುದಿಲ್ಲ. ನಮ್ಮವರು ಚಿಪ್ಸನ್ನು ತೆಂಗಿನೆಣ್ಣೆಯಲ್ಲಿಯೇ ಕರಿದು ಡಬ್ಬಿಯ ಬಾಯಿ ಬಿಗಿದಿಡುತ್ತಿದ್ದುದು ರುಚಿಗಾಗಿ ಮಾತ್ರವಲ್ಲ.

ಈ ಬುತ್ತಿ ಹೋದ ದಾರಿಯನ್ನೂ ಸ್ವಲ್ಪ ನೆನೆಯೋಣ. ಬಜಪೆಯ ವಿಮಾನ ನಿಲ್ದಾಣ 1951ರ ಡಿಸೆಂಬರಿನಲ್ಲಿಯೇ ಆರಂಭವಾಯಿತು. ಅಂದು ಪ್ರಧಾನಿ ನೆಹರೂ ಅವರು ಡಕೋಟಾ ವಿಮಾನದಲ್ಲಿ ಬಂದಿಳಿದರು. ಆದರೆ ಅಲ್ಲಿಂದ ನೇರವಾಗಿ ಕೊಲ್ಲಿ ದೇಶಕ್ಕೆ ಹೋಗುವ ವಿಮಾನ ಸಿಕ್ಕಿದ್ದು 2006ರಲ್ಲಿ. 1973ರಲ್ಲಿ ತೈಲದ ಬೆಲೆ ಏರಿ ಕೊಲ್ಲಿ ದೇಶಗಳಲ್ಲಿ ಕೆಲಸಗಳ ಬಾಗಿಲು ತೆರೆದ ಮೇಲೆ ಹೊರಟ ನಮ್ಮ ಜನರಲ್ಲಿ ಹೆಚ್ಚಿನವರು ಮೊದಲು ಬಸ್ಸಿನಲ್ಲಿ ಮುಂಬಯಿಗೆ ಹೋಗಬೇಕಿತ್ತು. ಸುಮಾರು 900 ಕಿಲೋಮೀಟರು. ಒಂದು ಹಗಲು ಒಂದು ರಾತ್ರಿಯ ದಾರಿ. ಕೊಂಕಣ ರೈಲು ಪೂರ್ಣವಾಗಿ ಓಡತೊಡಗಿದ್ದೂ 1998ರಲ್ಲಿ. ಬಸ್ಸಿನ ಮೇಲಿನ ಬಿಸಿಲು, ಮುಂಬಯಿಯಲ್ಲಿ ಪರಿಚಯದವರ ಕೋಣೆಯಲ್ಲಿ ಕೆಲವು ದಿನಗಳ ಕಾಯುವಿಕೆ, ಆಮೇಲೆ ವಿಮಾನ. ಇಷ್ಟನ್ನೂ ತಾಳಿಕೊಂಡು ಹಪ್ಪಳ, ಉಪ್ಪಿನಕಾಯಿ ಮಾತ್ರ ಹೋಗಿ ತಲುಪುತ್ತಿದ್ದವು. ಟೆಲಿಫೋನು ದುಬಾರಿಯಾಗಿದ್ದ, ಪತ್ರಕ್ಕೆ ವಾರಗಳು ಹಿಡಿಯುತ್ತಿದ್ದ ಕಾಲದಲ್ಲಿ ಆ ಡಬ್ಬಿಯೇ ಮನೆಯಿಂದ ಬಂದ ಮಾತೂ ಆಗಿತ್ತು.

ನಮ್ಮ ರಾಜ್ಯದಲ್ಲಿಯೇ ಈ ವಿಷಯವನ್ನು ಶಾಸ್ತ್ರೀಯವಾಗಿ ಅಧ್ಯಯನ ಮಾಡುವ ಎರಡು ದೊಡ್ಡ ಸಂಸ್ಥೆಗಳಿವೆ. ಎರಡೂ ಮೈಸೂರಿನಲ್ಲಿವೆ. 1950ರಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ ಒಂದು. 1961ರಲ್ಲಿ ಸೈನಿಕರ ಆಹಾರಕ್ಕಾಗಿ ಆರಂಭವಾದ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ ಇನ್ನೊಂದು. 1984ರಲ್ಲಿ ರಾಕೇಶ್ ಶರ್ಮಾ ಅವರು ಅಂತರಿಕ್ಷಕ್ಕೆ ಹೋದಾಗ ಭಾರತದ ತಿನಿಸುಗಳನ್ನು ಸಿದ್ಧಪಡಿಸಿ ಕೊಟ್ಟದ್ದು ಈ ಎರಡನೆಯ ಪ್ರಯೋಗಾಲಯ. 2025ರ ಜೂನ್‌ನಲ್ಲಿ ಶುಭಾಂಶು ಶುಕ್ಲಾ ಅವರು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೋದಾಗಲೂ ಕ್ಯಾರೆಟ್ ಹಲ್ವ, ಹೆಸರುಬೇಳೆ ಹಲ್ವ, ಮಾವಿನ ರಸ ಜೊತೆಗಿದ್ದವು. ಭೂಮಿಯನ್ನೇ ಬಿಟ್ಟು ಹೋದವರಿಗೂ ಮನೆಯ ರುಚಿ ಬೇಕು ಎಂದ ಮೇಲೆ ದುಬೈಗೆ ಹೋಗುವವರನ್ನು ನೋಡಿ ನಗುವುದು ನ್ಯಾಯವಲ್ಲ.

ಇಲ್ಲಿಯವರೆಗೆ ಹೇಳಿದ್ದು ಬುತ್ತಿ ಕೆಡದೆ ತಲುಪುವ ಬಗೆ. ಆದರೆ ಕೆಡದಿದ್ದರೆ ಸಾಲದು. ಅದಕ್ಕೆ ಪ್ರವೇಶವೂ ಸಿಗಬೇಕು. ಒಣಗಿದ್ದೆಲ್ಲ ವಿಮಾನಕ್ಕೆ ಕ್ಷೇಮ ಎಂದು ಭಾವಿಸಬೇಡಿ. ಕೊಬ್ಬರಿಯನ್ನೇ ತೆಗೆದುಕೊಳ್ಳಿ. ನಮಗೆ ಅದು ಅಡಿಗೆಯ ಸಾಮಾನು. ಆದರೆ ಅಪಾಯಕಾರಿ ಸರಕುಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ 1363 ಎಂಬ ಸಂಖ್ಯೆಯಲ್ಲಿ ಕೊಬ್ಬರಿಯ ಹೆಸರಿದೆ. ಅದರಲ್ಲಿ ಎಣ್ಣೆಯ ಅಂಶ ಬಹಳ. ಗಾಳಿ ಮತ್ತು ಸ್ವಲ್ಪ ತೇವ ತಗಲಿದರೆ ಅದು ಒಳಗಿಂದೊಳಗೇ ಬಿಸಿಯಾಗಿ ತಾನಾಗಿ ಹೊತ್ತಿಕೊಳ್ಳಬಲ್ಲದು. ಆದ್ದರಿಂದ ಇಡೀ ಕೊಬ್ಬರಿಯನ್ನು ಪೆಟ್ಟಿಗೆಯಲ್ಲಿ ಇಟ್ಟರೆ ನಿಲ್ದಾಣದಲ್ಲಿ ತೆಗೆಸಿಬಿಡುತ್ತಾರೆ. ಮಸಾಲೆಗೆ ಹಾಕುವ ಗಸಗಸೆಯೂ ಅಷ್ಟೆ. ಅದು ಅಫೀಮಿನ ಗಿಡದ ಬೀಜ. ಸಂಯುಕ್ತ ಅರಬ್ ಸಂಸ್ಥಾನಗಳಲ್ಲಿ ಅದನ್ನು ಮಾದಕ ವಸ್ತುಗಳ ಕಾನೂನಿನಡಿ ನಿಷೇಧಿಸಿದ್ದಾರೆ. ಅಡಿಗೆಗೆಂದು ಒಯ್ದ ಒಂದು ಹಿಡಿ ಗಸಗಸೆ ಅಲ್ಲಿ ಪೊಲೀಸು ಠಾಣೆಯ ಮಾತಾಗಬಹುದು.

ಇನ್ನೂ ಕೆಲವು ನಿಯಮಗಳು ನಮಗೆ ವಿಚಿತ್ರವಾಗಿ ಕಾಣುತ್ತವೆ. ಒಂದು ಕಂತೆ ಕರಿಬೇವಿನ ಸೊಪ್ಪನ್ನು ಅಮೆರಿಕದ ಅಧಿಕಾರಿ ಕಸದ ಬುಟ್ಟಿಗೆ ಹಾಕಿದನೆಂದರೆ ನಮಗೆ ಸಿಟ್ಟು ಬರುತ್ತದೆ. ಆದರೆ ಕಾರಣ ಕೇಳಿದ ಮೇಲೆ ತೀರ್ಮಾನ ಮಾಡಿ. ಕರಿಬೇವು ಮತ್ತು ಕಿತ್ತಳೆ ಒಂದೇ ಕುಟುಂಬದ ಗಿಡಗಳು. ಕರಿಬೇವಿನ ಚಿಗುರಿನ ಮೇಲೆ ಸಾಸಿವೆಗಿಂತ ತುಸು ದೊಡ್ಡದಾದ ಒಂದು ಕೀಟ ಬದುಕುತ್ತದೆ. ಕಿತ್ತಳೆ ಗಿಡಗಳಲ್ಲಿ ಎಲೆ ಹಳದಿಯಾಗಿ, ಕಾಯಿ ಹಣ್ಣಾಗದೆ ಹಸುರಾಗಿಯೇ ಉಳಿಯುವ ರೋಗವನ್ನು ಹರಡುವುದು ಅದೇ ಕೀಟ. ಈ ರೋಗಕ್ಕೆ ಮದ್ದಿಲ್ಲ. ಅಮೆರಿಕದ ಫ್ಲಾರಿಡಾ ರಾಜ್ಯದಲ್ಲಿ ಅದು 2005ರಲ್ಲಿ ಕಾಣಿಸಿಕೊಂಡಿತು. 2003-04ರಲ್ಲಿ ಅಲ್ಲಿ ಸುಮಾರು 24 ಕೋಟಿ ಪೆಟ್ಟಿಗೆ ಕಿತ್ತಳೆ ಬೆಳೆದಿತ್ತು. 2022-23ರ ಹೊತ್ತಿಗೆ 2 ಕೋಟಿ ಪೆಟ್ಟಿಗೆಗೂ ಕಡಿಮೆಯಾಯಿತು. ಬಿರುಗಾಳಿಯ ಹೊಡೆತವೂ ಅದರಲ್ಲಿ ಸೇರಿದೆ. ಆದರೆ ಬೆಳೆಯ ಬೆನ್ನು ಮುರಿದದ್ದು ಈ ರೋಗವೇ. ದೂರದ ಮಾತೇಕೆ? ನಮ್ಮ ಕೊಡಗಿನ ಕಿತ್ತಳೆ ತೋಟಗಳು ಬಡವಾದುದಕ್ಕೂ ಇದೇ ರೋಗ ಒಂದು ಮುಖ್ಯ ಕಾರಣ.

ಕುಚ್ಚಲಕ್ಕಿಯ ಕಥೆಯೂ ಇದೇ. ನಮ್ಮ ಭೂಖಂಡದ ಕಾಳುಗಳಲ್ಲಿ ಖಾಪ್ರಾ ಎಂಬ ಪುಟ್ಟ ಹುಳ ಇರುತ್ತದೆ. ಅದರ ಮರಿ ಏನೂ ತಿನ್ನದೆ ಗೋಡೆಯ ಬಿರುಕಿನಲ್ಲಿ ವರ್ಷಗಟ್ಟಲೆ ಸುಮ್ಮನೆ ಬದುಕಿರಬಲ್ಲದು. 1953ರಲ್ಲಿ ಅದು ಕ್ಯಾಲಿಫೋರ್ನಿಯಾದ ಉಗ್ರಾಣಗಳಲ್ಲಿ ಕಂಡುಬಂತು. ಅದನ್ನು ಅಲ್ಲಿಂದ ನಿರ್ಮೂಲ ಮಾಡಲು 1966ರವರೆಗೆ ಹೋರಾಡಬೇಕಾಯಿತು. ಆದ್ದರಿಂದಲೇ 2011ರಿಂದ ಭಾರತದಂಥ ದೇಶಗಳ ಪ್ರಯಾಣಿಕರು ಪೆಟ್ಟಿಗೆಯಲ್ಲಿ ಅಕ್ಕಿ ತರುವುದನ್ನು ಅಮೆರಿಕ ನಿಷೇಧಿಸಿದೆ. 2020ರಿಂದ ಆಸ್ಟ್ರೇಲಿಯಾವೂ ಅಂಥದೇ ಕ್ರಮ ಕೈಗೊಂಡಿದೆ.

ಮೂರನೆಯದು ಹಾಲು ಮತ್ತು ಮಾಂಸ. ಪೇಡೆಯ ಪೆಟ್ಟಿಗೆಯನ್ನೋ ಮಾಂಸದ ಉಪ್ಪಿನಕಾಯಿಯನ್ನೋ ಬ್ರಿಟನ್ನಿಗೆ ಒಯ್ಯುವಂತಿಲ್ಲ. 2001ರಲ್ಲಿ ಆ ದೇಶದಲ್ಲಿ ಕಾಲುಬಾಯಿ ಜ್ವರ ಹರಡಿ 60 ಲಕ್ಷಕ್ಕೂ ಹೆಚ್ಚು ದನ, ಕುರಿ, ಹಂದಿಗಳನ್ನು ಕೊಲ್ಲಬೇಕಾಯಿತು. ರೋಗ ಮೊದಲು ಹರಡಿದ್ದು ಎಂಜಲು ಆಹಾರ ತಿನ್ನಿಸುತ್ತಿದ್ದ ಒಂದು ಹಂದಿ ಸಾಕಣೆ ಕೇಂದ್ರದಿಂದ ಎಂದು ಅಲ್ಲಿನ ತನಿಖೆ ಹೇಳಿತು. ಆ ಎಂಜಲಿನೊಳಗೆ ಹೊರದೇಶದಿಂದ ಕದ್ದು ಬಂದ ಮಾಂಸ ಸೇರಿತ್ತೆಂಬ ಸಂಶಯ ಬಲವಾಗಿತ್ತು. ನಮ್ಮಲ್ಲಿ ಕಾಲುಬಾಯಿ ಜ್ವರ ಇನ್ನೂ ಇದೆ. ಆ ದೇಶದ ರೈತನ ಭಯ ನಮಗೆ ಅರ್ಥವಾಗಬೇಕು.

ಅರ್ಥವಾಗದಿದ್ದರೆ ರಸ್ತೆಯ ಬದಿಗೆ ನೋಡಿ. ಪಾರ್ಥೇನಿಯಂ, ಕಾಂಗ್ರೆಸ್ ಗಿಡ ಎಂದು ನಾವು ಕರೆಯುವ ಆ ಕಳೆ ನಮ್ಮ ದೇಶದ್ದಲ್ಲ. 1950ರ ದಶಕದಲ್ಲಿ ಅಮೆರಿಕದಿಂದ ತರಿಸಿದ ಗೋದಿಯ ಜೊತೆಗೆ ಅದು ಬಂತೆಂಬುದು ಸಾಮಾನ್ಯ ಅಭಿಪ್ರಾಯ. 1955ರಲ್ಲಿ ಪುಣೆಯಲ್ಲಿ ಕಣ್ಣಿಗೆ ಬಿದ್ದದ್ದು ಇಂದು ದೇಶದ ಉದ್ದಗಲಕ್ಕೂ ಹಬ್ಬಿ, ಎಷ್ಟೋ ಜನರಿಗೆ ತುರಿಕೆ, ಉಬ್ಬಸ ತಂದಿದೆ. ನಮ್ಮ ಸರ್ಕಾರವೂ 2003ರಲ್ಲಿ ಹೊರದೇಶದ ಬೀಜ, ಗಿಡ, ಕಾಳುಗಳ ಆಮದಿಗೆ ಕಟ್ಟುನಿಟ್ಟಿನ ಆದೇಶ ಹೊರಡಿಸಿದೆ. ಗಡಿಯ ನಿಯಮ ಇಬ್ಬರಿಗೂ ಒಂದೇ.

ಆದ್ದರಿಂದ, ಮಿತ್ರರೇ, ಹೊರಡುವ ಮೊದಲು ಮೂರು ಕೆಲಸ ಮಾಡಿ. ಮೊದಲನೆಯದು, ನೀವು ಹೋಗುವ ದೇಶದ ಸರ್ಕಾರಿ ಜಾಲತಾಣದಲ್ಲಿ ಯಾವುದಕ್ಕೆ ಅನುಮತಿ ಇದೆ ಎಂದು ಓದಿ. ನಿಯಮಗಳು ಬದಲಾಗುತ್ತಿರುತ್ತವೆ, ಪಕ್ಕದ ಮನೆಯವರು ಐದು ವರ್ಷದ ಹಿಂದೆ ಒಯ್ದರು ಎಂಬುದು ಆಧಾರವಲ್ಲ. ಎರಡನೆಯದು, ಪ್ರತಿಯೊಂದು ಪೊಟ್ಟಣದ ಮೇಲೆ ಒಳಗೇನಿದೆ ಎಂದು ಇಂಗ್ಲಿಷಿನಲ್ಲಿ ಬರೆದು ಅಂಟಿಸಿ. ಹೆಸರಿಲ್ಲದ ಕೆಂಪು ಪುಡಿಯನ್ನು ಕಂಡರೆ ಯಾವ ಅಧಿಕಾರಿಗೂ ಸಂಶಯ ಬರುತ್ತದೆ. ಉಪ್ಪಿನಕಾಯಿ, ಎಣ್ಣೆ ಮುಂತಾದುವನ್ನು ಕೈಚೀಲದಲ್ಲಿ ಇಡಬೇಡಿ. ಬಿಗಿಯಾಗಿ ಮುಚ್ಚಿ ದೊಡ್ಡ ಪೆಟ್ಟಿಗೆಯಲ್ಲಿ ಇಡಿ.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಹೊಸ ದೇಶದಲ್ಲಿ ಇಳಿದೊಡನೆ "ನಿಮ್ಮಲ್ಲಿ ಆಹಾರ ಪದಾರ್ಥಗಳಿವೆಯೇ?" ಎಂಬ ಪ್ರಶ್ನೆ ಬರುತ್ತದೆ. "ಇಲ್ಲ" ಎಂದು ಗುರುತು ಹಾಕಿದರೆ ಬೇಗ ಹೊರಗೆ ಹೋಗಬಹುದು ಎಂಬ ಆಸೆ ಹುಟ್ಟುತ್ತದೆ. ಅಮ್ಮ ಕಷ್ಟಪಟ್ಟು ಮಾಡಿಕೊಟ್ಟದ್ದನ್ನು ಕಸದ ಬುಟ್ಟಿಗೆ ಹಾಕಿಬಿಟ್ಟಾರು ಎಂಬ ಭಯವೂ ಇರುತ್ತದೆ. ಆದರೂ "ಹೌದು" ಎಂದೇ ಹೇಳಿ. ಹೌದು ಎಂದು ಹೇಳಿ ತೋರಿಸಿದವರಿಗೆ ಹೆಚ್ಚೆಂದರೆ ಪೊಟ್ಟಣ ನಷ್ಟ. ಇಲ್ಲ ಎಂದು ಹೇಳಿ ಸಿಕ್ಕಿಬಿದ್ದವರಿಗೆ ದೊಡ್ಡ ದಂಡ. ಆಸ್ಟ್ರೇಲಿಯಾದಲ್ಲಿ ವೀಸಾವನ್ನೇ ರದ್ದು ಮಾಡಿ ಹಿಂದಕ್ಕೆ ಕಳುಹಿಸುವ ಅಧಿಕಾರವೂ ಇದೆ, ವಿದ್ಯಾರ್ಥಿಗಳನ್ನೂ ಸೇರಿಸಿ. ಮನೆಯವರು ಸಾಲ ಮಾಡಿ ಕಟ್ಟಿದ ಶುಲ್ಕ, ವರ್ಷಗಳ ಓದು, ಎಲ್ಲವನ್ನೂ ಒಂದು ಡಬ್ಬಿಗಾಗಿ ಪಣಕ್ಕೆ ಒಡ್ಡಬಾರದು. ನಿಮಗೆ ಆ ಡಬ್ಬಿ ಕೊಟ್ಟ ತಾಯಿಯೂ ಅದನ್ನು ಬಯಸಲಾರರು.

ಈಗ ಕೊನೆಯ ಮಾತು. ವಿಮಾನದಲ್ಲಿ ನಿಮಗೆ ಒಯ್ಯಲು ಬಿಡುವುದು ಸಾಮಾನ್ಯವಾಗಿ 20, 30 ಕಿಲೋ. ಕೆಲವು ಟಿಕೆಟ್ಟಿಗೆ ಸ್ವಲ್ಪ ಹೆಚ್ಚು. ಎಷ್ಟೇ ಒಯ್ದರೂ ಹಪ್ಪಳ ಮೂರು ತಿಂಗಳಲ್ಲಿ ಮುಗಿಯುತ್ತದೆ. ಆಮೇಲೆ ಏನು? ಯಾವ ತಕ್ಕಡಿಗೂ ಸಿಗದ, ಯಾವ ಅಧಿಕಾರಿಯೂ ತೆಗೆಸಲಾಗದ ಒಂದು ವಸ್ತು ಇದೆ. ಅದು ಮಾಡುವ ವಿಧಾನ. ಅಕ್ಕಿ ಅಲ್ಲಿಯೂ ಸಿಗುತ್ತದೆ, ತೆಂಗಿನಕಾಯಿ ಸಿಗುತ್ತದೆ, ಒಣಮೆಣಸು ಕೊತ್ತಂಬರಿ ಸಿಗುತ್ತವೆ. ಪೆಟ್ಟಿಗೆಯಲ್ಲಿ ಹೋಗಲಾರದ ನೀರುದೋಸೆ ನಿಮ್ಮ ಕೈಯಲ್ಲಿ ಹೋಗಬಲ್ಲದು. ಅಕ್ಕಿ ಎಷ್ಟು ಹೊತ್ತು ನೆನೆಯಬೇಕು, ಹಿಟ್ಟು ಎಷ್ಟು ತೆಳ್ಳಗಿರಬೇಕು ಎಂಬುದು ನಿಮಗೆ ತಿಳಿದಿರಬೇಕು, ಅಷ್ಟೆ.

ಆದರೆ ಅದು ನಮಗೆ ತಿಳಿದಿದೆಯೇ? ಹಪ್ಪಳ ಒತ್ತುವ ಏಪ್ರಿಲ್, ಮೇ ತಿಂಗಳುಗಳೇ ನಿಮ್ಮ ಪ್ರವೇಶ ಪರೀಕ್ಷೆಗಳ ತಿಂಗಳುಗಳೂ ಆಗಿವೆ. ಅಜ್ಜಿ ಚಾಪೆಯ ಬಳಿ ಇರುತ್ತಾರೆ, ನೀವು ಕೋಚಿಂಗ್ ತರಗತಿಯಲ್ಲಿ ಇರುತ್ತೀರಿ. ಎಷ್ಟೋ ಮನೆಗಳಲ್ಲಿ ಪರದೇಶಕ್ಕೆ ಹೋಗುವ ಬುತ್ತಿ ಈಗ ಅಂಗಡಿಯಿಂದಲೇ ಬರುತ್ತದೆ. ಅಂಗಡಿಯದು ಕೀಳೆಂದು ನಾನು ಹೇಳುತ್ತಿಲ್ಲ. ಅದನ್ನು ಮಾಡಿ ಬದುಕುವ ಸ್ವಸಹಾಯ ಸಂಘದ ಹೆಣ್ಣುಮಕ್ಕಳೂ ನಮ್ಮವರೇ. ಆದರೆ ಒಂದು ಮನೆಯ ಕೈರುಚಿ ಆ ಕೈಯ ಜೊತೆಗೇ ಮುಗಿದುಹೋದರೆ ಅದನ್ನು ಯಾವ ಅಂಗಡಿಯೂ ಮಾರಲಾರದು.

ಅದಕ್ಕಾಗಿ ಈ ರಜೆಗೆ ನಿಮಗೊಂದು ಕೆಲಸ ಕೊಡುತ್ತೇನೆ, ಹುಡುಗರಿಗೂ ಹುಡುಗಿಯರಿಗೂ ಸಮನಾಗಿ. ಮನೆಯ ಹಿರಿಯರು ಮಾಡುವ ಯಾವುದಾದರೂ ಒಂದು ಪದಾರ್ಥವನ್ನು ಆರಿಸಿಕೊಳ್ಳಿ. ಮಸಾಲೆ ಪುಡಿಯಾಗಲಿ, ಉಪ್ಪಿನಕಾಯಿಯಾಗಲಿ. ಅವರ ಪಕ್ಕದಲ್ಲಿ ಕುಳಿತು ಮಾಡಿ ಕಲಿಯಿರಿ. "ಎಷ್ಟು ಉಪ್ಪು?" ಎಂದು ಕೇಳಿದರೆ "ಕಣ್ಣಂದಾಜು" ಎನ್ನುತ್ತಾರೆ. ಬೇಸರಪಡಬೇಡಿ. ಅವರು ಮುಷ್ಟಿಯಲ್ಲಿ ತೆಗೆದುಕೊಂಡದ್ದನ್ನು ಪಾತ್ರೆಗೆ ಹಾಕುವ ಮೊದಲು ತಕ್ಕಡಿಗೆ ಹಾಕಿಸಿ. ಎಷ್ಟು ಗ್ರಾಂ ಎಂದು ಬರೆದುಕೊಳ್ಳಿ. ಎಷ್ಟು ಹೊತ್ತು ಹುರಿದರು, ಯಾವ ಬಣ್ಣ ಬಂದಾಗ ಇಳಿಸಿದರು, ಯಾವ ಪರಿಮಳಕ್ಕೆ ಕಾದರು ಎಂಬುದನ್ನೂ ಬರೆಯಿರಿ. ಪ್ರಯೋಗಾಲಯದ ದಾಖಲೆ ಪುಸ್ತಕವನ್ನು ಬರೆಯುವಷ್ಟೇ ಶ್ರದ್ಧೆಯಿಂದ ಬರೆಯಿರಿ. ಮತ್ತೊಂದು ಸಲ ನೀವೊಬ್ಬರೇ ಮಾಡಿ ಅವರಿಗೆ ತಿನ್ನಿಸಿ. ಅವರು "ಉಪ್ಪು ಸ್ವಲ್ಪ ಮುಂದು" ಎಂದರೆ ಅದನ್ನೂ ಬರೆದಿಡಿ. ಪರದೇಶಕ್ಕೆ ಹೋದರೂ, ಇಲ್ಲಿಯೇ ಉಳಿದರೂ ಆ ಹಾಳೆ ನಿಮಗೆ ಬೇಕಾಗುತ್ತದೆ.